ಇನ್‌ಡಿಸೈನ್‌ಗೆ ತಂದ ವರ್ಡ್ ಫೈಲ್: ಒಂದರಲ್ಲಿ ಒತ್ತಕ್ಷರ ಬಿಡಿಬಿಡಿ, ಇನ್ನೊಂದು ಪೂರ್ತಿ ಇಂಗ್ಲಿಷ್ ಅಕ್ಷರ

ಅಚ್ಚುಮೊಳೆ, ಮಡಿಕೇರಿ:
ಕಾಫಿ ಬೆಳೆಗಾರರ 16 ಪುಟದ ವಾರ್ತಾಪತ್ರದ ಪುಟವನ್ನು ಇನ್‌ಡಿಸೈನ್ ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ ಕಟ್ಟುತ್ತಿದ್ದೇನೆ. ಒಂದು ವರ್ಡ್ ಫೈಲ್ ಪ್ಲೇಸ್ ಮಾಡಿದರೆ (ಪುಟದೊಳಕ್ಕೆ ತಂದರೆ) ‘ಕ’ ಇರಬೇಕಾದಲ್ಲಿ ಇಂಗ್ಲಿಷ್ ಪಿ, ಅದರ ಪಕ್ಕ ತಲೆ ಮೇಲೆ ಗೀಟಿರುವ ಎ. ‘ನ’ ಜಾಗದಲ್ಲಿ ಪೌಂಡ್ ಗುರುತು. ಇನ್ನೊಂದರಲ್ಲಿ ಕನ್ನಡವೇ ಬರುತ್ತೆ, ಆದರೆ ‘ಬಳ್ಳಿ’ಯ ಒತ್ತು ಕೆಳಗಿಳಿಯದೆ ಪಕ್ಕಕ್ಕೆ ನಿಲ್ಲುತ್ತೆ. ಧಾರಣೆ ಪಟ್ಟಿಯೂ ಅಂಕುಡೊಂಕು. ನೋಟೋ ಸೆರಿಫ್, ತುಂಗಾ ಎರಡೂ ಫಾಂಟ್ ಹಾಕಿ ನೋಡಿದೆ, ಏನೂ ಬದಲಾಗಲಿಲ್ಲ.

ಒತ್ತಕ್ಷರ:
ಸರ್, ಎರಡೂ ಬೇರೆ ಬೇರೆ ಕಾಯಿಲೆ. ಮೊದಲನೆಯದು ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ, ಅದರ ಹಳೆಯ ಆಸ್ಕಿ ಪದ್ಧತಿಯಲ್ಲಿ ಟೈಪಾದದ್ದು. ಫೈಲೊಳಗೆ ಇರುವುದೇ ಇಂಗ್ಲಿಷ್ ಸಂಕೇತ. ಅದಕ್ಕೆ ಕನ್ನಡದ ವೇಷ ಹಾಕುವುದು ನುಡಿ ಫಾಂಟ್ ಮಾತ್ರ. ಯೂನಿಕೋಡ್ (ಕನ್ನಡಕ್ಕೆ ತನ್ನದೇ ಸಂಕೇತವಿರುವ ಪದ್ಧತಿ) ಫಾಂಟ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ಯೂನಿಕೋಡ್‌ಗೆ ಪರಿವರ್ತಿಸಿಯೇ ತನ್ನಿ. ಇಡೀ ಫೈಲನ್ನು ಪರಿವರ್ತಕಕ್ಕೆ ಸುರಿಯಬೇಡಿ, ನಡುವೆ ನಿಜವಾಗಿಯೂ ಇಂಗ್ಲಿಷಲ್ಲಿರುವ ಪದಗಳು ಕೂಡ ಅರ್ಥವಿಲ್ಲದ ಕನ್ನಡ ಆಗಿಬಿಡುತ್ತವೆ. ವರ್ಡ್‌ನ ಫೈಂಡ್‌ನಲ್ಲಿ ಫಾರ್ಮ್ಯಾಟ್, ಫಾಂಟ್ ಎಂದು ಹೋಗಿ ನುಡಿ ಫಾಂಟ್ ಇರುವ ಭಾಗವನ್ನಷ್ಟೇ ಹುಡುಕಿ ತೆಗೆಯಿರಿ.

ವಾಕ್ಯದ ಮೊದಲ ಅಕ್ಷರಗಳನ್ನು ಕಣ್ಣಿಟ್ಟು ನೋಡಿ. ನುಡಿಯಲ್ಲಿ ‘ಡ’ಕ್ಕೆ ಸಣ್ಣ ಕ್ಯೂ, ‘ಕಿ’ಗೆ ದೊಡ್ಡ ಕ್ಯೂ. ವರ್ಡ್‌ನ ಆಟೋಕರೆಕ್ಟ್ ವಾಕ್ಯದ ಆರಂಭವನ್ನು ದೊಡ್ಡಕ್ಷರ ಮಾಡಿದ್ದರೆ ಪರಿವರ್ತಕ ಆ ತಪ್ಪನ್ನೂ ನಿಷ್ಠೆಯಿಂದ ಕನ್ನಡಕ್ಕೆ ತರುತ್ತೆ.

ಕಾವೇರಿತೀರ:
ಎರಡನೇ ಫೈಲ್ ಸರಿಯಾಗಿಯೇ ಇದೆ, ಎಡವಟ್ಟು ಇನ್‌ಡಿಸೈನ್‌ನಲ್ಲಿ ಅಕ್ಷರ, ಸಾಲು ಜೋಡಿಸುವ ಕಂಪೋಸರ್‌ನದು. ಪ್ಯಾರಾಗ್ರಾಫ್ ಸ್ಟೈಲ್ ತೆರೆದು ಜಸ್ಟಿಫಿಕೇಶನ್ ಪುಟದಲ್ಲಿ ಕಂಪೋಸರ್ ಅನ್ನು ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಮಾಡಿ. ಅದೇ ಪುಟದಲ್ಲಿ ಆಟೋ ಲೀಡಿಂಗ್ (ಸಾಲುಗಳ ಅಂತರ) 120 ಶೇಕಡಾ ಇರುತ್ತೆ, 145ರಿಂದ 150ಕ್ಕೆ ಏರಿಸಿ. ಇಲ್ಲದಿದ್ದರೆ ‘ರಾಷ್ಟ್ರ’ದಂಥ ಪದದ ಎರಡು ಒತ್ತು ಕೆಳಸಾಲಿನ ಗುಡಿಸಿಗೆ (ಇಕಾರದ ಗುರುತಿಗೆ) ತಗುಲುತ್ತೆ. ಭಾಷೆ ಕನ್ನಡ ಎಂದು ಕೊಡಿ.

ವರ್ಡ್‌ನಿಂದ ಬಂದ ಸ್ಟೈಲ್ ಹೆಸರಿನ ಪಕ್ಕ ಪುಟ್ಟ ಡಿಸ್ಕ್ ಚಿತ್ರ ಇರುತ್ತೆ. ಅವನ್ನು ಒಂದೊಂದಾಗಿ ತಿದ್ದುತ್ತಾ ಕೂರುವ ಬದಲು ಪ್ಲೇಸ್ ಮಾಡುವಾಗಲೇ ‘ಶೋ ಇಂಪೋರ್ಟ್ ಆಪ್ಶನ್ಸ್’ ಗುರುತಿಸಿ, ಸ್ಟೈಲ್ ಮ್ಯಾಪಿಂಗ್‌ನಲ್ಲಿ ನಿಮ್ಮ ಸ್ಟೈಲ್‌ಗೆ ಜೋಡಿಸಿ.

ಅಚ್ಚುಮೊಳೆ, ಮಡಿಕೇರಿ:
ಕಂಪೋಸರ್ ಬದಲಿಸಿದೆ, ‘ಬಳ್ಳಿ’ ಕೂಡಿತು. ಆದರೆ ಸ್ಟೈಲ್ ಹೆಸರಿನ ಮುಂದೆ ಪ್ಲಸ್ ಗುರುತು (ಸ್ಟೈಲ್‌ನಲ್ಲಿಲ್ಲದ ಬದಲಾವಣೆ ಇದೆ ಎಂಬ ಸೂಚನೆ) ಹೋಗುತ್ತಿಲ್ಲ. ಆಲ್ಟ್ ಒತ್ತಿ ಕ್ಲಿಕ್ಕಿಸಿದರೆ ದಪ್ಪಕ್ಷರವೆಲ್ಲ ಮಾಯ.

ಕಾವೇರಿತೀರ:
ಆಲ್ಟ್ ಕ್ಲಿಕ್ ಮಾಡುವ ಕೆಲಸವೇ ಅದು. ಮೊದಲು ಇನ್‌ಡಿಸೈನ್‌ನ ಫೈಂಡ್/ಚೇಂಜ್ ಕಿಟಕಿಯ ಫೈಂಡ್ ಫಾರ್ಮ್ಯಾಟ್‌ನಲ್ಲಿ ಬೋಲ್ಡ್ ಕೊಟ್ಟು, ಚೇಂಜ್ ಫಾರ್ಮ್ಯಾಟ್‌ನಲ್ಲಿ ಒಂದು ಬೋಲ್ಡ್ ಕ್ಯಾರೆಕ್ಟರ್ ಸ್ಟೈಲ್ ಹಾಕಿ ‘ಚೇಂಜ್ ಆಲ್’ ಒತ್ತಿ. ಇಟ್ಯಾಲಿಕ್‌ಗೂ ಹಾಗೇ. ಆಮೇಲೆ ಆಲ್ಟ್ ಕ್ಲಿಕ್. ಕ್ಯಾರೆಕ್ಟರ್ ಸ್ಟೈಲ್ ಉಳಿಯುತ್ತೆ. ಜೊತೆಗೆ ಶಿಫ್ಟ್ ಒತ್ತಿದಿರೋ, ಅದೂ ಹೋಯ್ತು.

ಒತ್ತಕ್ಷರ:
ಪಟ್ಟಿ ಬಗ್ಗೆ ಯಾರೂ ಹೇಳಲಿಲ್ಲ. ಯಾರೋ ‘ಅರೇಬಿಕಾ ಪಾರ್ಚ್‌ಮೆಂಟ್’, ‘ರೋಬಸ್ಟಾ ಚೆರ್ರಿ’ ಮುಂದೆ ಸ್ಪೇಸ್‌ಬಾರ್ ಹೊಡೆದು ದರ ಸಾಲಾಗಿಸಿದ್ದಾರೆ. ಫಾಂಟ್ ಬದಲಾದ ಕೂಡಲೇ ಸಾಲು ಚೆಲ್ಲಾಪಿಲ್ಲಿ. ಪಟ್ಟಿಯನ್ನಷ್ಟೇ ಆಯ್ದು, ಮಾದರಿ ಹಿಡಿದು ಹುಡುಕುವ ಗ್ರೆಪ್‌ನಲ್ಲಿ ಎರಡೋ ಹೆಚ್ಚೋ ಸ್ಪೇಸ್ ಇದ್ದಲ್ಲಿ ಒಂದು ಟ್ಯಾಬ್ ಹಾಕಿ, ‘ಕನ್ವರ್ಟ್ ಟೆಕ್ಸ್ಟ್ ಟು ಟೇಬಲ್’ ಕೊಡಿ. ‘ಮಲ್ಟಿಪಲ್ ಸ್ಪೇಸ್ ಟು ಸಿಂಗಲ್ ಸ್ಪೇಸ್’ ಕ್ವೆರಿ ಅದಕ್ಕಿಂತ ಮುಂಚೆ ಓಡಿಸಬೇಡಿ, ಅಂಕಣ ಎಲ್ಲಿ ಬೇರೆಯಾಗಬೇಕೆಂಬ ಸುಳಿವೇ ಅಳಿಸಿಹೋಗುತ್ತೆ.

ಮತ್ತೊಂದು ಮಾತು. ಕಾಣದ ಅಕ್ಷರಗಳನ್ನೆಲ್ಲ ಕಸವೆಂದು ಒರೆಸುವ ಅಭ್ಯಾಸ ಕೆಲವರಿಗಿದೆ. ‘ಪಾರ್ಚ್‌ಮೆಂಟ್’ನಲ್ಲಿ ಚ್ ಮತ್ತು ಮೆ ನಡುವೆ, ಅವು ಕೂಡದಂತೆ ತಡೆಯುವ ಒಂದು ನಾನ್-ಜಾಯ್ನರ್ ಅಡಗಿದೆ. ಅದು ಹೋದರೆ ‘ಪಾರ್ಚ್ಮೆಂಟ್’. ಚಕಾರಕ್ಕೆ ಮ ಒತ್ತು ನೇತಾಡುತ್ತೆ. ‘ಕೈಲ್‌ಪೊಳ್ದ್’ಗೂ (ಕೊಡವರ ಹಬ್ಬದ ಹೆಸರು) ಇದೇ ಗತಿ. ಹೋಗಿದ್ದರೆ ಟೈಪ್ ಮೆನುವಿನ ಇನ್ಸರ್ಟ್ ಸ್ಪೆಷಲ್ ಕ್ಯಾರೆಕ್ಟರ್, ಅದರ್, ನಾನ್-ಜಾಯ್ನರ್. ಒಂದು ಪದ ಸರಿಮಾಡಿಕೊಂಡು, ಅದನ್ನೇ ಕಾಪಿ ಮಾಡಿ ಫೈಂಡ್/ಚೇಂಜ್‌ನ ಚೇಂಜ್ ಟು ಜಾಗದಲ್ಲಿ ಅಂಟಿಸಿದರೆ 16 ಪುಟಕ್ಕೂ ಒಂದೇ ಸಲಕ್ಕೆ ಆಗುತ್ತೆ.