ಜೌಗಿನಲ್ಲಿ ನಿಂತ ಗಿಡಕ್ಕೆ ಒಣನೆಲದ ಎಲೆ ಏಕೆ?

ಪ್ರಶ್ನೆ:
ಎರಿಕೇಸಿ ಕುಟುಂಬದ ಬಾಗ್ ರೋಸ್‌ಮೇರಿ, ಅಂದರೆ ಆಂಡ್ರೊಮಿಡಾ ಪೋಲಿಫೋಲಿಯಾ, ಉತ್ತರ ಯುರೋಪ್, ಸೈಬೀರಿಯಾ ಮತ್ತು ಕೆನಡಾದ ಜೌಗುಗಳಲ್ಲಿ ಸ್ಫ್ಯಾಗ್ನಮ್ ಪಾಚಿಯ ನಡುವೆ ಬೆಳೆಯುವ ಪುಟ್ಟ ಪೊದೆ. ಅದರ ಎಲೆ ಕಿರಿದು, ತೊಗಲಿನಂತೆ ಗಡುಸು. ಅಂಚು ಕೆಳಕ್ಕೆ ಸುರುಳಿಗೊಂಡಿದ್ದು, ಅಡಿಭಾಗ ಬೆಳ್ಳಗಿರುತ್ತದೆ. ಇವು ನೀರಿಗೆ ಬರವಿರುವ ಕಡೆಯ ಗಿಡಗಳ ಲಕ್ಷಣಗಳು. ಬೇರು ಸದಾ ಒದ್ದೆಯಲ್ಲಿರುವ ಈ ಗಿಡಕ್ಕೆ ಅವು ಏಕೆ ಬೇಕು? ಚಳಿಗಾಲದಲ್ಲೂ ಇದು ಎಲೆ ಉದುರಿಸದಿರುವುದೇಕೆ?

ಉತ್ತರ:
ಅಲ್ಲಿ ನೀರಿಗೆ ಕೊರತೆಯಿಲ್ಲ, ಕೊರತೆ ಇರುವುದು ಸಾರಜನಕ ಮತ್ತು ರಂಜಕಕ್ಕೆ. ಇಂಥ ಅನೇಕ ಜೌಗುಗಳಿಗೆ ಮಳೆನೀರೊಂದೇ ಆಧಾರವಾದ್ದರಿಂದ ಖನಿಜಾಂಶ ಬರುವುದೇ ಅತ್ಯಲ್ಪ. ಬಂದಷ್ಟನ್ನೂ ಪಾಚಿ ಹೀರಿಕೊಂಡು ಸುತ್ತಲ ನೀರನ್ನು ಆಮ್ಲೀಯಗೊಳಿಸುತ್ತದೆ, ಆಮ್ಲಜನಕವಿಲ್ಲದ ಕೆಳಪದರದಲ್ಲಿ ಸತ್ತ ಪಾಚಿ ಪೂರ್ತಿ ಕೊಳೆಯದೆ ಪೀಟ್ ಆಗಿ ಉಳಿದು ಪೋಷಕಾಂಶಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ವರ್ಷವರ್ಷವೂ ಹೊಸ ಎಲೆ ಕಟ್ಟುವುದು ಇಂಥಲ್ಲಿ ದುಬಾರಿ. ಆದ್ದರಿಂದಲೇ ಗಟ್ಟಿಮುಟ್ಟಾದ ಎಲೆಯನ್ನು ಒಮ್ಮೆ ಕಟ್ಟಿ, ಸಾಧ್ಯವಾದಷ್ಟು ಕಾಲ ದುಡಿಸಿಕೊಳ್ಳುವುದು ಗಿಡಕ್ಕೆ ಲಾಭಕರ. ನನಗೆ ಇದಕ್ಕಿಂತಲೂ ಅಚ್ಚರಿಯೆನಿಸುವುದು ಬೇರು: ಅದರ ಕೂದಲೆಳೆಯಂಥ ತುದಿಗಳ ಜೀವಕೋಶಗಳೊಳಗೇ ಶಿಲೀಂಧ್ರವೊಂದು ನೆಲೆಸಿ, ಪೀಟ್‌ನಲ್ಲಿ ಸಿಲುಕಿರುವ ಸಾರಜನಕವನ್ನು ಬಿಡಿಸಿ ಗಿಡಕ್ಕೆ ಒದಗಿಸುತ್ತದೆ, ಪ್ರತಿಯಾಗಿ ಸಕ್ಕರೆ ಪಡೆಯುತ್ತದೆ.

ಇನ್ನೊಂದು ಉತ್ತರ:
ಮೇಲಿನ ವಿವರಣೆ ಸರಿ, ಆದರೆ ನೀರಿನ ಪ್ರಶ್ನೆಯನ್ನು ಪೂರ್ತಿ ಕೈಬಿಡಬಾರದು. ಚಳಿಗಾಲದ ಕೊನೆಯಲ್ಲಿ ಬಿಸಿಲು ಏರಿದರೂ ಬೇರಿನ ಸುತ್ತಲ ನೀರು ಇನ್ನೂ ಹೆಪ್ಪುಗಟ್ಟಿರುವ ದಿನಗಳುಂಟು. ಆಗ ಹಿಮದಿಂದ ಹೊರಚಾಚಿದ ಎಲೆ ಕಳೆದುಕೊಂಡ ನೀರನ್ನು ಬೇರು ತುಂಬಿಕೊಡಲಾರದು. ಅಂಥ ವೇಳೆ ಸುರುಳಿಯಂಚು ಮತ್ತು ಮೇಣದ ಲೇಪ ಉಪಯೋಗಕ್ಕೆ ಬರುತ್ತವೆ. ಪ್ರಸಂಗವಶಾತ್ ಒಂದು ಮಾತು: 1732ರ ಲ್ಯಾಪ್‌ಲ್ಯಾಂಡ್ ಪ್ರವಾಸದಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಈ ಗಿಡವನ್ನು ಕಂಡಾಗ, ಗ್ರೀಕ್ ಪುರಾಣದಲ್ಲಿ ಸಮುದ್ರದ ಬಂಡೆಗೆ ಕಟ್ಟಲ್ಪಟ್ಟ ಆಂಡ್ರೊಮಿಡಾ ಅವರ ನೆನಪಿಗೆ ಬಂದಳು, ಗಿಡಕ್ಕೆ ಆ ಹೆಸರು ಬಂದದ್ದು ಹಾಗೆ.

ಮತ್ತೊಂದು ಉತ್ತರ:
ಗಿಡವನ್ನು ಗುರುತಿಸುವ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಉತ್ತರ ಅಮೆರಿಕದ ಜೌಗುಗಳಲ್ಲಿ ಜನರು ಕಷಾಯಕ್ಕೆ ಬಳಸುವ ಲ್ಯಾಬ್ರಡಾರ್ ಟೀ ಗಿಡವೂ ಇದರ ಪಕ್ಕದಲ್ಲೇ ಬೆಳೆಯುತ್ತದೆ, ಅದರ ಎಲೆಯಂಚೂ ಸುರುಳಿಯೇ. ಎಲೆಯನ್ನು ಮಗುಚಿ ನೋಡಬೇಕು. ಬಲಿತ ಎಲೆಯ ಅಡಿಯಲ್ಲಿ ತುಕ್ಕುಬಣ್ಣದ ದಟ್ಟ ರೋಮವಿದ್ದರೆ ಅದು ಲ್ಯಾಬ್ರಡಾರ್ ಟೀ. ರೋಮವಿಲ್ಲದೆ ಬೆಳ್ಳಗಿದ್ದರೆ ಆಂಡ್ರೊಮಿಡಾ ಇರಬಹುದು, ಜೌಗಿನಲ್ಲೇ ಬೆಳೆಯುವ ಬಾಗ್ ಲಾರೆಲ್ ಎಂಬ ಇನ್ನೊಂದು ಪೊದೆ ಕೂಡ ಇರಬಹುದು. ಇವೆರಡರಲ್ಲಿ ಆಂಡ್ರೊಮಿಡಾದ ಎಲೆಗಳು ಕಾಂಡದ ಮೇಲೆ ಪರ್ಯಾಯವಾಗಿ ಮೂಡುತ್ತವೆ, ಲಾರೆಲ್‌ನವು ಎದುರುಬದುರಾಗಿ. ಎರಡರಲ್ಲೂ ರಕ್ತದೊತ್ತಡವನ್ನು ಇಳಿಸಿ ಹೃದಯಬಡಿತವನ್ನು ನಿಧಾನಗೊಳಿಸುವ ಗ್ರಯಾನೊಟಾಕ್ಸಿನ್ ವಿಷವಿರುವುದರಿಂದ, ಹೊಸಬರು ಜೌಗಿನ ಎಲೆಯನ್ನು ತಾವೇ ಕಿತ್ತು ಕಷಾಯ ಮಾಡಬಾರದು.