ತುರ್ತು: ರಾತ್ರಿ ಕಯಾಕ್ ಬೋರ್ಡಿಗೆ ಎರಡು ಪದ ಬೇಕು

ಪಣಜಿಯಿಂದ:
ನಮಸ್ಕಾರ. ಮಾಂಡವಿ ದಂಡೆಯಲ್ಲಿ ಕಯಾಕ್ ಬಾಡಿಗೆಗೆ ಕೊಡುವವರೊಬ್ಬರಿಗೆ ಕನ್ನಡದ ಬೋರ್ಡು ಬೇಕಂತೆ. ಬರುವವರಲ್ಲಿ ಹುಬ್ಬಳ್ಳಿ, ಬೆಳಗಾವಿ ಕಡೆಯವರು ಬಹಳ. ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾನೆ. ಲೈಫ್ ಜಾಕೆಟ್, ಸೀಟಿ, ಇಳಿತದ ಹೊತ್ತು ಎಲ್ಲ ಬರೆದಾಯಿತು. ತೊಡಕಾಗಿರುವುದು 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲಿ 25ನೆಯದು: ಹುಟ್ಟು ಹಾಕುವ ದೋಣಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ ಇಲ್ಲದಿದ್ದರೆ ಬಿಳಿ ಬೆಳಕಿನ ಟಾರ್ಚೋ ಹೊತ್ತಿಸಿದ ಲಾಟೀನೋ ಕೈಗೆ ಸಿಗುವಂತಿರಬೇಕು, ಡಿಕ್ಕಿ ತಪ್ಪುವಷ್ಟು ಮುಂಚೆ ತೋರಿಸಬೇಕು. ಟಾರ್ಚಿಗೆ, ಪ್ಯಾಡಲ್ಲಿಗೆ ಏನು ಬರೆಯಲಿ?

ಡೊಂಬಿವಲಿಯಿಂದ:
ಟಾರ್ಚು ಬೇಡವೇ ಬೇಡ. ಕೈದೀವಿಗೆ. ಪ್ಯಾಡಲ್ಲಿಗೆ ಹುಟ್ಟು ಇದ್ದೇ ಇದೆ; ಮರದ ಸೌಟಿಗೂ ಅದೇ ಹೆಸರು. ಇನ್ನು 'ದೋಣಿ' ಸಂಸ್ಕೃತದ ದ್ರೋಣಿಯಿಂದ ಬಂತು ಎನ್ನುವವರು ತಮಿಳಿನ ತೋಣಿ ನೋಡಿ ಆಮೇಲೆ ಮಾತಾಡಲಿ.

ಪುಣೆಯಿಂದ:
ದೋಣಿಯ ಸುದ್ದಿ ಇಲ್ಲಿ ಯಾರೂ ಎತ್ತಿಲ್ಲ. ಕೈದೀವಿಗೆ ಎಂದು ಬರೆದರೆ ಜನ ಆರತಿ ತಟ್ಟೆ ಹಿಡಿದು ಕಯಾಕ್ ಹತ್ತುತ್ತಾರೆ.

ವಾಸ್ಕೋದಿಂದ:
ನಾ ಅದಿರಿನ ಬಾರ್ಜಿನ್ಯಾಗ ಇರಾಂವ. ಕಯಾಕ್ ನೀರಿಗೆ ಅಂಟಿಕೊಂಡಂಗ ಇರ್ತೈತಿ, ಕತ್ತಲದಾಗ ನಮಗ ಕಾಣೂದ ಇಲ್ಲ. ಕಂಡರೂ ತುಂಬಿದ ಬಾರ್ಜು ಲಗೂನ ನಿಂದ್ರಂಗಿಲ್ಲ. ಟಾರ್ಚಿಗೆ ಗದಗಿನ ಕಡೆ ಬ್ಯಾಟರಿ ಅಂತೀವ್ರಿ, ಅದನ್ನ ಬರೀರಿ. ಮತ್ತ 'ಡಿಕ್ಕಿ ತಪ್ಪುವಷ್ಟು ಮುಂಚೆ' ಅಂದ್ರ ಯಾರಿಗೂ ತಿಳಿಯಂಗಿಲ್ಲ. ದೊಡ್ಡ ದೋಣಿ ದೂರ ಇದ್ದಾಗನ ತೋರಿಸ್ರಿ ಅಂತ ಹಾಕ್ರಿ.

ಡೊಂಬಿವಲಿಯಿಂದ:
ಬ್ಯಾಟರಿಯೂ ಇಂಗ್ಲಿಷೇ. ಹೀಗೇ ಒಂದೊಂದಾಗಿ ಬಿಟ್ಟುಕೊಡುತ್ತಾ ಹೋಗಿ.

ಪುಣೆಯಿಂದ:
ಕಂದೀಲು ಅರಬ್ಬಿ. ಚಾವಿ ಪೋರ್ಚುಗೀಸ್. ತಿಂಗಳಾದರೆ ಎಣಿಸಿಕೊಳ್ಳುವ ಪಗಾರವೂ ಪೋರ್ಚುಗೀಸರದೇ. ವಾಪಸ್ ಕೊಡುತ್ತೀರಾ?

ಡೊಂಬಿವಲಿಯಿಂದ:
ನಾನು ಸಂಬಳ ಎನ್ನುತ್ತೇನೆ.

ಪುಣೆಯಿಂದ:
ಶಂಬಲ. ಸಂಸ್ಕೃತ. ಮುಂದೆ?

ಪಣಜಿಯಿಂದ:
ಜಗಳ ಆಮೇಲೆ ಮುಂದುವರಿಸಿ. ಪೇಂಟರ್‌ಗೆ ಕಳಿಸಿದ್ದು ಇದು: 'ಕತ್ತಲಾದ ಮೇಲೆ ಬಿಳಿ ಬೆಳಕಿನ ಬ್ಯಾಟರಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ದೊಡ್ಡ ದೋಣಿ ದೂರವಿದ್ದಾಗಲೇ ಅದನ್ನು ತೋರಿಸಿ.' ಪ್ಯಾಡಲ್ಲಿಗೆ ಹುಟ್ಟು. ವಾಸ್ಕೋದವರಿಗೆ ಧನ್ಯವಾದ.

ಡೊಂಬಿವಲಿಯಿಂದ:
'ಬಿಳಿ ಬೆಳಕು' ದ್ವಿರುಕ್ತಿ. ಎರಡಕ್ಕೂ ಬೇರು 'ಬೆಳ್' ಒಂದೇ. 'ಬಿಳಿ' ತೆಗೆಯಿರಿ.

ವಾಸ್ಕೋದಿಂದ:
ತಗೀಬ್ಯಾಡ್ರಿ. ಕೆಂಪು ಕಂಡ್ರ ನಾವು ಅದು ದೋಣಿ ಎಡಮಗ್ಗಲಾ ಅಂತ ತಿಳೀತೀವಿ.