ಸ್ನೋ ಚೈನ್ ಹುಕ್ ಸೇರ್ತಾನೇ ಇಲ್ಲ, ತಾಹೋಗೆ ಬರೀ ಎಡಬ್ಲ್ಯೂಡಿ ಸಾಕಾ?

ಸನ್ನಿವೇಲ್_ಬೆಣ್ಣೆದೋಸೆ:
ಎಲ್ರಿಗೂ ನಮಸ್ಕಾರ. ಕ್ರಿಸ್‌ಮಸ್ ರಜಕ್ಕೆ ಕ್ಯಾಲಿಫೋರ್ನಿಯಾದ ಹೈವೇ 50 ಹಿಡ್ದು, ಸ್ನೋ ಬೀಳೋ ಬೆಟ್ಟ ದಾಟಿ ಸೌತ್ ಲೇಕ್ ತಾಹೋಗೆ ಹೊರಟಿದೀವಿ. ಗಾಡಿ ಹೈಬ್ರಿಡ್ ಎಸ್‌ಯುವಿ, ಎಡಬ್ಲ್ಯೂಡಿ (ನಾಲ್ಕೂ ಚಕ್ರಕ್ಕೂ ಶಕ್ತಿ ಹೋಗೋದು), ಟೈರ್ ಗಾಡಿ ಜೊತೆ ಬಂದಿದ್ದೇ, ಆಲ್ ಸೀಸನ್, ಪಕ್ಕದಲ್ಲಿ ಎಂ+ಎಸ್ (ಮಡ್ ಅಂಡ್ ಸ್ನೋ) ಅಂತಿದೆ. ದಾವಣಗೆರೆಯಿಂದ ಅಪ್ಪ ಅಮ್ಮ ಬಂದಿದಾರೆ, ಅವ್ರನ್ನ ಕೂರಿಸ್ಕೊಂಡು ರಿಸ್ಕ್ ಯಾಕೆ ಅಂತ ಸ್ನೋದಲ್ಲಿ ಜಾರದ ಹಾಗೆ ಟೈರಿಗೆ ಸುತ್ತೋ ಕೇಬಲ್ ಚೈನ್ ತರಿಸ್ದೆ, ಗಾಡಿ ಮಾಡೆಲ್ ಹಾಕಿದ್ರೆ ಸೈಟಲ್ಲಿ ಅದೇ ತೋರಿಸ್ತು. ನಿನ್ನೆ ಗ್ಯಾರೇಜಲ್ಲಿ ಮುಂದಿನ ಚಕ್ರಕ್ಕೆ ಹಾಕಿದ್ರೆ ಒಳಗಿನ ಹುಕ್ ಹೆಂಗೋ ಸೇರತ್ತೆ, ಹೊರಗಿಂದು ಎರಡಿಂಚು ಗ್ಯಾಪು, ಎಷ್ಟು ಎಳೆದ್ರೂ ಜಪ್ಪಯ್ಯ ಅಂದ್ರೂ ಬರಲ್ಲ. ಪೀಸೇ ಡಿಫೆಕ್ಟಾ? ಇಲ್ಲಾ ಎಡಬ್ಲ್ಯೂಡಿ ಇದ್ಯಲ್ಲ ಅಂತ ಚೈನ್ ವಾಪಸ್ ಮಾಡ್ಲಾ? ಆಫೀಸಲ್ಲಿ ಒಬ್ರು ವಿಂಟರ್ ಟೈರ್ ಹಾಕ್ಸು ಅಂತಾರೆ, ಇನ್ನೊಬ್ರು ಚೈನ್ ಬದಲು ಟೈರಿಗೆ ಹಾಕೋ ಬಟ್ಟೆ ಸಾಕ್ಸ್ ತಗೋ ಅಂತಾರೆ, ತಲೆ ಕೆಟ್ಟೋಗಿದೆ.

ಮಿನಿಯಾಪೊಲಿಸ್_ಮಂಜ:
ಗುರು, ವಿಂಟರ್ ಟೈರ್ ಹಾಕ್ಸು, ಮುಗೀತು. ಇಲ್ಲಿ ಚೈನ್ ಹಾಕ್ಕೊಂಡು ಓಡಾಡೋರನ್ನ ನಾನಂತೂ ನೋಡಿಲ್ಲ, ನವೆಂಬರಲ್ಲಿ ಬೇರೆ ರಿಮ್ ಸಮೇತ ಟೈರ್ ಬದಲಾಯಿಸ್ತೀವಿ, ಏಪ್ರಿಲಲ್ಲಿ ವಾಪಸ್.

ಫಾಲ್ಸಮ್_ಭಟ್ರು:
ಮಂಜ, ನಿಮ್ಮೂರಿಗೆ ಅದು ಸರಿ ಮಾರಾಯ. ಇವ್ರು ಇರೋದು ಸನ್ನಿವೇಲಲ್ಲಿ, ಡಿಸೆಂಬರಲ್ಲೂ ಮಧ್ಯಾಹ್ನ 15 ಡಿಗ್ರಿ. ವಿಂಟರ್ ಟೈರ್ ರಬ್ಬರ್ ಮೆತ್ತಗೆ, 7 ಡಿಗ್ರಿ ಕೆಳಗಿನ ಚಳಿಗೆ ಅಂತ ಮಾಡಿರೋದು, ಇಲ್ಲಿ ಬೇಸಿಗೆ ಪೂರ್ತಿ ಓಡ್ಸಿದ್ರೆ ಸವೆದು ಹೋಗತ್ತೆ, ಅಪಾರ್ಟ್‌ಮೆಂಟಲ್ಲಿ ಎರಡ್ನೇ ಸೆಟ್ ಎಲ್ಲಿ ಇಡ್ತಾರೆ.
ಬೆಣ್ಣೆದೋಸೆ ಅವ್ರೇ, ಪೀಸ್ ಸರಿಯಾಗೇ ಇರತ್ತೆ. ಟೈರ್ ಪಕ್ಕದ ನಂಬರ್ ಹೇಳಿ, ಚೈನ್ ಬಾಕ್ಸ್ ಮೇಲಿನ ಸೈಜ್ ಪಟ್ಟೀನೂ ಹಾಕಿ.

ಸನ್ನಿವೇಲ್_ಬೆಣ್ಣೆದೋಸೆ:
ಟೈರ್ 235/55 ಆರ್19. ಬಾಕ್ಸಲ್ಲಿ 225/65 ಆರ್17 ಇದೆ, 235/55 ಇದೆ ಆದ್ರೆ ಅದು ಆರ್17.

ಫಾಲ್ಸಮ್_ಭಟ್ರು:
ಅಲ್ಲೇ ಇರೋದು ನೋಡಿ. ನಿಮ್ಮ ಮಾಡೆಲಿನ ಬೇಸ್ ವೇರಿಯಂಟಿಗೆ 17 ಇಂಚು, ನಿಮ್ದು ಟಾಪ್ ಎಂಡ್, 19. 225/65 ಆರ್17 ಟೈರಿನ ಎತ್ತರ ಸುಮಾರು 724 ಎಂಎಂ, ನಿಮ್ದು 741. ಸುತ್ತಳತೆ ಲೆಕ್ಕ ಹಾಕಿ, 53 ಎಂಎಂ ವ್ಯತ್ಯಾಸ, ನಿಮ್ಮ ಎರಡಿಂಚು ಗ್ಯಾಪ್ ಅದೇ. ಮೂರೂ ನಂಬರ್ ಸೇರಿ ಹೊಂದ್ಬೇಕು, ಮಾಡೆಲ್ ಹೆಸ್ರು ನಂಬ್ಕೊಂಡ್ರೆ ಹಿಂಗೇ. ತಗೊಳೋ ಮುಂಚೆ ಗಾಡಿ ಮ್ಯಾನ್ಯುಯಲ್ ತೆಗೀರಿ, ಯಾವ ಚಕ್ರಕ್ಕೆ ಹಾಕ್ಬೇಕು, ನಿಮ್ಮ ಸೈಜಿಗೆ ಚೈನ್ ಹಾಕಬಹುದಾ ಅಂತ ಬರ್ದಿರತ್ತೆ, ದೊಡ್ಡ ವೀಲಿಗೆ ಬೇಡವೇ ಬೇಡ ಅನ್ನೋ ಗಾಡಿಗಳೂ ಇವೆ. ಕ್ಲಾಸ್ ಎಸ್ (ಚಕ್ರದ ಸುತ್ತ ಜಾಗ ಕಮ್ಮಿ) ಅಂತಿದ್ರೆ ಸಣ್ಣ ಕೇಬಲ್ಲೋ ತೆಳ್ಳಗಿನ ಚೈನೋ ಬೇಕು, ದಪ್ಪ ಚೈನ್ ಒಳಗಡೆ ಸಸ್ಪೆನ್ಶನ್‌ಗೋ ಬ್ರೇಕ್ ಪೈಪ್‌ಗೋ ಬಡಿಯತ್ತೆ.
ಎಡಬ್ಲ್ಯೂಡಿ ಇದೆ ಅಂತ ಚೈನ್ ಬಿಟ್ಟು ಬರೋ ಹಾಗಿಲ್ಲ. ಕ್ಯಾಲ್‌ಟ್ರಾನ್ಸ್ (ಕ್ಯಾಲಿಫೋರ್ನಿಯಾ ರಸ್ತೆ ಇಲಾಖೆ) ಆರ್2 ಬೋರ್ಡ್, ಅಂದ್ರೆ ಚೈನ್ ನಿಯಮದ ಎರಡ್ನೇ ಹಂತ, ಹಾಕಿದ್ರೆ ಎಡಬ್ಲ್ಯೂಡಿ ಗಾಡಿಗೆ ನಾಲ್ಕೂ ಚಕ್ರದಲ್ಲಿ ಎಂ+ಎಸ್ ಇದ್ರೆ ಹಾಕೋದು ಬೇಕಾಗಲ್ಲ, ಆದ್ರೆ ಡಿಕ್ಕೀಲಿ ಚೈನ್ ಇರ್ಲೇಬೇಕು. ಆರ್3 ಅಂದ್ರೆ ಎಲ್ರೂ ಹಾಕ್ಬೇಕು, ಸಾಮಾನ್ಯವಾಗಿ ಅಷ್ಟೊತ್ತಿಗೆ ರೋಡೇ ಮುಚ್ಚಿರ್ತಾರೆ. ಸಾಕ್ಸ್ ಹಾಕೋದು ಸುಲಭ, ಆದ್ರೆ 50ರಲ್ಲಿ ಒಂದಷ್ಟು ದೂರ ಸ್ನೋ ಒಂದಷ್ಟು ದೂರ ಬರೀ ಟಾರು, ಟಾರ್ ಮೇಲೆ ಓಡಿದ್ರೆ ಬೇಗ ಹರ್ದು ಹೋಗತ್ತೆ.
ದುಡ್ಡು ಹಾಕೋದಾದ್ರೆ ಟೈರಿಗೆ ಹಾಕಿ. ಎಂ+ಎಸ್ ಅನ್ನೋದು ಟ್ರೆಡ್ ಡಿಸೈನ್ ನೋಡಿ ಕೊಡೋದು, ಸ್ನೋ ಪರೀಕ್ಷೆ ಆಗಿರಲ್ಲ. ಮೂರು ಶಿಖರದ ಬೆಟ್ಟ, ಮಧ್ಯ ಹಿಮದ ಹೂವು, ಆ ಗುರುತು ಇರೋ ಆಲ್ ವೆದರ್ ಟೈರ್ ಸ್ನೋದಲ್ಲಿ ಪರೀಕ್ಷೆ ಪಾಸಾಗಿದ್ದು, ವರ್ಷ ಪೂರ್ತಿ ಓಡಿಸ್ಬೋದು. ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2 ಥರದ್ದು. ಈಗಿನ ಟೈರ್ ಚೆನ್ನಾಗಿದ್ರೆ ಈ ಸಲ ಹಾಗೇ ಹೋಗಿ, ಸವೆದಾಗ ಇದನ್ನ ಹಾಕ್ಸಿ.

ಮಿನಿಯಾಪೊಲಿಸ್_ಮಂಜ:
ಭಟ್ರೇ, ಒಪ್ಕೊಂಡೆ, ಆದ್ರೆ ಐಸ್ ಮೇಲೆ ಆ ಗುರುತನ್ನ ನಂಬ್ಕೋಬೇಡಿ, ಅದು ಸ್ನೋ ಎಳೆತದ ಪರೀಕ್ಷೆ ಅಷ್ಟೇ.

ರೆನೋ_ಸುಮ:
ಮಂಜ ಹೇಳಿದ್ದು ನಿಜ. ಎಡಬ್ಲ್ಯೂಡಿ ಗಾಡಿ ಹತ್ತಿಸತ್ತೆ, ನಿಲ್ಲಿಸಲ್ಲ, ದಾರೀಲಿ ಸಿಗೋ ಎಕೋ ಸಮಿಟ್ ಘಾಟಿ 7,382 ಅಡಿ, ಅಲ್ಲಿಂದ ತಾಹೋ ಕಡೆ ಇಳಿಜಾರೇ ಕಷ್ಟ. ಗೇರ್ ಇಳಿಸಿ ನಿಧಾನಕ್ಕೆ ಇಳೀರಿ, ಬ್ರೇಕ್ ಒತ್ತೋದು ಕಮ್ಮಿ ಮಾಡಿ, ಮುಂದಿನ ಗಾಡಿಗೆ ದೂರ ಇರ್ಲಿ. ಚೈನ್ ಹಾಕಿದ್ಮೇಲೆ ಗಂಟೆಗೆ 25-30 ಮೈಲಿ ಸ್ಪೀಡ್ ದಾಟ್ಬೇಡಿ, ಸ್ವಲ್ಪ ದೂರ ಹೋಗಿ ನಿಲ್ಸಿ ಇನ್ನೊಂದ್ಸಲ ಬಿಗಿ ಮಾಡಿ. ವೈಪರ್ ನೀರು ಬದಲಾಯ್ಸಿ, ಬೇ ಏರಿಯಾದಲ್ಲಿ ಹಾಕೋ ನೀಲಿ ನೀರು ಗಾಜಿನ ಮೇಲೇ ಹೆಪ್ಪುಗಟ್ಟತ್ತೆ.

ಸನ್ನಿವೇಲ್_ಬೆಣ್ಣೆದೋಸೆ:
ಥ್ಯಾಂಕ್ಸ್ ಭಟ್ರೇ, ಸುಮಾ ಮೇಡಂ, ಮಂಜಣ್ಣ. ಮ್ಯಾನ್ಯುಯಲಲ್ಲಿ ಕ್ಲಾಸ್ ಎಸ್, ಮುಂದಿನ ಚಕ್ರಕ್ಕೆ ಮಾತ್ರ ಅಂತಿದೆ. ಹಳೇದು ವಾಪಸ್ ಮಾಡಿ ಬಾಕ್ಸ್ ಮೇಲೆ 235/55 ಆರ್19 ಅಂತ ಕಣ್ಣಾರೆ ಓದಿ ತಂದೆ, ಹಾಕಿದ್ರೆ ಎರಡೂ ಹುಕ್ ಸೇರ್ತು, ರಬ್ಬರ್ ಟೆನ್ಷನರ್ ಕೂಡ ಬಿಗಿಯಾಗಿ ಕೂತಿದೆ. ರೋಡ್ ಪಕ್ಕ ಚೈನ್ ಹಾಕ್ಕೊಡೋರು ಇರ್ತಾರಂತಲ್ಲ, ಅವ್ರತ್ರಾನೇ ಕೊಂಡ್ಕೋಬಹುದಿತ್ತಾ?

ಫಾಲ್ಸಮ್_ಭಟ್ರು:
ಇಲ್ಲ, ಅವ್ರು ಪರ್ಮಿಟ್ ತಗೊಂಡು ಹಾಕ್ಕೊಡೋರು ಮಾತ್ರ, ಮಾರೋ ಹಾಗಿಲ್ಲ, ಬಾಡಿಗೆಗೆ ಕೊಡೋ ಹಾಗೂ ಇಲ್ಲ. ಸ್ನೋ ಜೋರಿದ್ದ ದಿನ ಕ್ಯೂ ಇರತ್ತೆ, ನೀವೇ ಹಾಕ್ಕೊಳಿ. ರಬ್ಬರ್ ಗ್ಲೌಸ್, ಮಂಡಿ ಊರಕ್ಕೆ ಹಳೇ ಮ್ಯಾಟ್, ತಲೆಗೆ ಕಟ್ಟೋ ಟಾರ್ಚ್ ಇಟ್ಕೊಳಿ. ಹೊರಡೋ ಬೆಳಿಗ್ಗೆ ಕ್ಯಾಲ್‌ಟ್ರಾನ್ಸಿನ ರಸ್ತೆ ಮ್ಯಾಪ್ ಆದ ಕ್ವಿಕ್‌ಮ್ಯಾಪಲ್ಲಿ ಚೈನ್ ಕಂಟ್ರೋಲ್ ಎಲ್ಲಿಂದ ಶುರು ಅಂತ ನೋಡಿ, ಪ್ಲಾಸರ್‌ವಿಲ್ಲಲ್ಲೇ ಪೆಟ್ರೋಲ್ ತುಂಬಿಸ್ಕೊಂಡು ಬಿಡಿ.